ಆಪರೇಷನ್ ಮೈಸೂರಿನಲ್ಲಿ ಆಯ್ತು, ಆಮೇಲೆ ನೋಡಿಕೊಳ್ಳುವವರು ಯಾರು? ಕೊಡಗಿನಲ್ಲಿ ಫಿಜಿಯೋ, ಲ್ಯಾಬ್, ವಾಕ್ ಚಿಕಿತ್ಸಕರ ಕೊರತೆ

ಸುಂಟಿಕೊಪ್ಪ_ತೋಟದವ (ಚರ್ಚೆ ಶುರು ಮಾಡಿದವರು)

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ ವಿಷಯ ಎತ್ತಿದರೆ ಮಾತು ಎರಡೇ ಕಡೆ ಹೋಗುತ್ತದೆ. ಒಂದು, ಸ್ಪೆಷಲಿಸ್ಟ್ ಡಾಕ್ಟರ್ ಇಲ್ಲ. ಇನ್ನೊಂದು, ದೊಡ್ಡ ಆಸ್ಪತ್ರೆ ಬೇಕು. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಅಭಿಯಾನ ನಡೆಯಿತಲ್ಲ, ಅದರಲ್ಲಿ ನಾನೂ ಇದ್ದೆ. ಆ ಬೇಡಿಕೆ ಸರಿಯಾದದ್ದೇ. ಮಡಿಕೇರಿಯಲ್ಲಿ 2016ರಿಂದ ಮೆಡಿಕಲ್ ಕಾಲೇಜೂ ಇದೆ.

ನನ್ನ ಪ್ರಶ್ನೆ ಬೇರೆ. ಡಾಕ್ಟರ್ ಕೆಲಸ ಮುಗಿದ ಮೇಲೆ, ಅಥವಾ ಡಾಕ್ಟರ್ ಕೆಲಸ ಶುರುವಾಗುವ ಮೊದಲು, ಬೇಕಾಗುವ ಜನ ಇದ್ದಾರಲ್ಲ: ಫಿಜಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ ತೆಗೆಯುವವರು, ಡಯಾಲಿಸಿಸ್ ಟೆಕ್ನಿಷಿಯನ್, ಮಾತು ಕಲಿಸುವ ಥೆರಪಿಸ್ಟ್, ಕಣ್ಣು ಪರೀಕ್ಷೆ ಮಾಡುವವರು. ಇವರು ಎಲ್ಲಿದ್ದಾರೆ? ಎಷ್ಟು ಜನ ಇದ್ದಾರೆ? ಬಂದವರು ಯಾಕೆ ನಿಲ್ಲುವುದಿಲ್ಲ?

2011ರ ಜನಗಣತಿ ಪ್ರಕಾರ ನಮ್ಮದು ಐದೂವರೆ ಲಕ್ಷ ಜನರ ಜಿಲ್ಲೆ. ವಿಸ್ತೀರ್ಣ ನಾಲ್ಕು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ರೈಲಿಲ್ಲ. ಕುಟ್ಟದವರು ವೈದ್ಯಕೀಯಕ್ಕೆ ಕೇರಳದ ಮಾನಂದವಾಡಿಗೆ ಹೋಗುತ್ತಾರೆ, ಸಂಪಾಜೆಯವರು ಸುಳ್ಯಕ್ಕೆ ಇಳಿಯುತ್ತಾರೆ, ಕುಶಾಲನಗರದವರು ಮೈಸೂರು ಬಸ್ ಹತ್ತುತ್ತಾರೆ. ಒಂದು ಸಲದ ಆಪರೇಷನ್‌ಗೆ ಹೀಗೆ ಹೋಗಿ ಬರಬಹುದು. ವಾರಕ್ಕೆ ಮೂರು ಸಲ ಬೇಕಾದ ಚಿಕಿತ್ಸೆಗೆ ಯಾರು ಹೋಗುತ್ತಾರೆ?

ಇಲ್ಲಿ ಈ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಸುಮ್ನೆ ರಾಜಕಾರಣಿಗಳನ್ನು ಬೈಯುವವರಿಗೆ ಬೇರೆ ಚರ್ಚೆಗಳು ಬೇಕಾದಷ್ಟಿವೆ.

ನಾಪೋಕ್ಲು_ಹುಡುಗ

ಫಿಜಿಯೋ ಅಂದರೆ ಎಣ್ಣೆ ಹಾಕಿ ತಿಕ್ಕುವುದು, ಕರೆಂಟ್ ಇಡುವುದು ತಾನೇ? ಅದಕ್ಕೆ ಊರಲ್ಲೇ ನಾಟಿ ವೈದ್ಯರಿದ್ದಾರೆ. ದುಡ್ಡೂ ಕಮ್ಮಿ.

ಗೋಣಿಕೊಪ್ಪ_ಫಿಜಿಯೋ

ನಾಪೋಕ್ಲು ತಮ್ಮಾ, ಈ ಮಾತನ್ನು ದಿನಾ ಕೇಳುತ್ತೇನೆ, ಬೇಜಾರಿಲ್ಲ. ನಾನು ಈ ಭಾಗದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವವನು, ಮನೆಗಳಿಗೂ ಹೋಗುತ್ತೇನೆ. ಒಂದು ಉದಾಹರಣೆ ಹೇಳುತ್ತೇನೆ.

ಒಳ್ಳೆಮೆಣಸು ಕೊಯ್ಲು ಶುರುವಾದರೆ ನಮಗೆ ಸೀಸನ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಏಣಿಯಿಂದ ಬಿದ್ದವರು. ಅದು ಮುಗಿಯಿತು ಅಂದರೆ ಮಳೆಗೆ ಮೊದಲು ಮರ ಕಪಾತು ಮಾಡುವಾಗ, ಅಂದರೆ ಕೊಂಬೆ ಕಡಿಯುವಾಗ, ಬಿದ್ದವರು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ ಜಾರಿದರೆ ಕಾಲಿನ ಮೂಳೆ, ಸೊಂಟ, ಕೆಲವರಿಗೆ ಬೆನ್ನುಮೂಳೆ. ಮೈಸೂರಿಗೋ ಮಂಗಳೂರಿಗೋ ಒಯ್ದು ರಾಡ್ ಹಾಕಿಸುತ್ತಾರೆ. ಆಪರೇಷನ್ ಚೆನ್ನಾಗೇ ಆಗಿರುತ್ತದೆ. ಡಿಸ್ಚಾರ್ಜ್ ಮಾಡುವಾಗ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಕಡ್ಡಿ ಮನುಷ್ಯನ ಚಿತ್ರಗಳು, ಕೆಳಗೆ ಇಂಗ್ಲಿಷ್‌ನಲ್ಲಿ ಎರಡು ಸಾಲು, "ದಿನಕ್ಕೆ ಮೂರು ಸಲ ಹತ್ತು ಹತ್ತು". ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿ ಆ ಹಾಳೆಯನ್ನು ದೇವರ ಫೋಟೋ ಪಕ್ಕ ಮೊಳೆಗೆ ಚುಚ್ಚಿರುತ್ತಾರೆ. ಓದಲು ಬಂದವರು ಮನೆಯಲ್ಲಿಲ್ಲ. ಕಾಲು ಮಡಚಿದರೆ ನೋವು, ರಾಡ್ ಮುರಿಯುತ್ತದೆ ಅನ್ನುವ ಭಯ ಬೇರೆ. ಹಾಗೇ ಕಾಲು ಚಾಚಿ ಮಲಗಿರುತ್ತಾರೆ. ಕೆಲವು ವಾರ ಮಂಡಿ ಅಲ್ಲಾಡದೇ ಇದ್ದರೆ ಒಳಗೆ ಅಂಟಿಕೊಂಡು ಬಿಗಿಯುತ್ತದೆ. ಆಮೇಲೆ ನನ್ನ ಹತ್ತಿರ ಕರೆತಂದಾಗ ಮಂಡಿ ಅರ್ಧ ಕೂಡ ಬಗ್ಗುವುದಿಲ್ಲ. ಲೈನ್ ಮನೆಯ ಕಕ್ಕಸು ಹೊರಗಡೆ, ಅದೂ ಕುಕ್ಕರಗಾಲಲ್ಲಿ ಕೂರುವಂಥದ್ದು. ಮಂಡಿ ಬಗ್ಗದವನು ಅಲ್ಲಿ ಏನು ಮಾಡುತ್ತಾನೆ ಯೋಚಿಸಿ. ಏಣಿ ಹತ್ತುವ ಮಾತಂತೂ ಬಿಡಿ.

ತಿಕ್ಕುವುದರಿಂದ ಇದು ಸರಿಹೋಗುವುದಿಲ್ಲ. ಯಾವ ದಿನದಿಂದ ಭಾರ ಊರಬಹುದು, ಎಷ್ಟು ಊರಬಹುದು, ಯಾವ ಸ್ನಾಯು ಮೊದಲು ಗಟ್ಟಿಯಾಗಬೇಕು, ಇದನ್ನು ನೋಡಿ ಹೇಳುವವರು ಬೇಕು. ಮುರಿದ ಜಾಗ ಕೂಡುವ ಮೊದಲೇ ಎಳೆದು ತಿಕ್ಕಿ ಮತ್ತೆ ಮೈಸೂರಿಗೆ ಕಳಿಸಿದ ಕೇಸುಗಳನ್ನೂ ನೋಡಿದ್ದೇನೆ. ನಾಟಿ ವೈದ್ಯರೆಲ್ಲ ಹಾಗೆ ಅಂತ ಹೇಳುತ್ತಿಲ್ಲ.

ಲಕ್ವ ಹೊಡೆದವರ ಕಥೆಯೂ ಇದೇ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜೋರಾಗಿರುತ್ತದೆ, ಆಮೇಲೆ ನಿಧಾನ. ನಮ್ಮಲ್ಲಿ ಆ ಮೂರು ತಿಂಗಳು "ವಿಶ್ರಾಂತಿ"ಯಲ್ಲೇ ಕಳೆದುಹೋಗುತ್ತದೆ.

ನಾಪೋಕ್ಲು_ಹುಡುಗ

ಸರಿ ಸರ್, ಗೊತ್ತಿರಲಿಲ್ಲ. ನಮ್ಮ ಮಾವನ ಕಾಲೂ ಹಾಗೇ ಆಗಿದೆ, ಬಿದ್ದು ವರ್ಷ ಆಯ್ತು. ಈಗ ಏನಾದರೂ ಮಾಡಬಹುದಾ?

ಗೋಣಿಕೊಪ್ಪ_ಫಿಜಿಯೋ

ನೋಡದೆ ಹೇಳಲಾಗದು. ಎಕ್ಸ್-ರೇ ಮತ್ತು ಡಿಸ್ಚಾರ್ಜ್ ಪೇಪರ್ ಹಿಡಿದುಕೊಂಡು ಯಾರಾದರೂ ಫಿಜಿಯೋ ಹತ್ತಿರ ಹೋಗಿ. ನನ್ನ ಹತ್ತಿರಾನೇ ಬರಬೇಕು ಅಂತೇನಿಲ್ಲ.

ಲ್ಯಾಬ್_ಅಕ್ಕ

ತೋಟದವರೇ, ಕೇಳಿದ್ದು ಒಳ್ಳೆಯದಾಯಿತು. ನಾನು ಲ್ಯಾಬ್ ಟೆಕ್ನಿಷಿಯನ್. ಎಲ್ಲಿ ಅಂತ ಹೇಳುವುದಿಲ್ಲ, ಗುತ್ತಿಗೆ ನೌಕರಿ, ಅರ್ಥ ಮಾಡಿಕೊಳ್ಳಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಇಲ್ಲ ಅಂದರೆ ಡಾಕ್ಟರ್ ಅಂದಾಜಿನ ಮೇಲೆ ಮಾತ್ರೆ ಬರೆಯಬೇಕು. ಮಳೆಗಾಲದಲ್ಲಿ ಜ್ವರ ಅಂತ ಬಂದವರಿಗೆ ಡೆಂಗಿಯೋ, ಇಲಿಜ್ವರವೋ, ಮಾಮೂಲಿ ಜ್ವರವೋ? ಗದ್ದೆ ಕೆಲಸದವರಲ್ಲಿ ಇಲಿಜ್ವರ ತಡವಾಗಿ ಗೊತ್ತಾದರೆ ಕಿಡ್ನಿಗೆ ಹೊಡೆತ ಬೀಳುತ್ತದೆ. ಕ್ಷಯದ ಕಫ ಪರೀಕ್ಷೆ, ಗರ್ಭಿಣಿಯರ ರಕ್ತ ಪರೀಕ್ಷೆ, ಸಕ್ಕರೆ, ಎಲ್ಲ ನಮ್ಮ ಟೇಬಲ್ ಮೇಲೇ. ಪಕ್ಕದ ಕೇಂದ್ರದಲ್ಲಿ ಹುದ್ದೆ ಖಾಲಿಯಾದರೆ "ವಾರಕ್ಕೆ ಎರಡು ದಿನ ಅಲ್ಲಿಗೂ ಹೋಗಿ" ಅಂತ ಆದೇಶ ಬರುತ್ತದೆ. ಕಾಗದದಲ್ಲಿ ಎರಡೂ ಕಡೆ ಟೆಕ್ನಿಷಿಯನ್ ಇದ್ದಾರೆ. ನಿಜದಲ್ಲಿ ಎರಡೂ ಕಡೆ ಅರ್ಧ ವಾರ ಬಾಗಿಲು ಹಾಕಿರುತ್ತದೆ. ನಾನು ರಜೆ ಹಾಕಿದರೆ ಪೂರ್ತಿ ಬಂದ್.

ಸಂಬಳದ ವಿಷಯ ಬರೆದರೆ ಉದ್ದ ಆಗುತ್ತದೆ. ಕಾಯಂ ಹುದ್ದೆಯಲ್ಲಿರುವವರಿಗೂ ನನಗೂ ಕೆಲಸ ಒಂದೇ, ಕೈಗೆ ಬರುವುದು ಒಂದೇ ಅಲ್ಲ. ವರ್ಷವರ್ಷ ನವೀಕರಣ ಆಗುವವರೆಗೆ ಉಸಿರು ಬಿಗಿ ಹಿಡಿದು ಕೂರಬೇಕು. ಅದಕ್ಕಿಂತ ದೊಡ್ಡ ತಲೆನೋವು ಬಾಡಿಗೆ ಮನೆ. ಮಡಿಕೇರಿಯಲ್ಲಿ ಸ್ವಲ್ಪ ಚೆನ್ನಾಗಿರುವ ಮನೆಯೆಲ್ಲ ಹೋಂಸ್ಟೇ ಆಗಿದೆ. ಟೂರಿಸ್ಟ್ ಎರಡು ರಾತ್ರಿಗೆ ಕೊಡುವ ದುಡ್ಡನ್ನು ನಾವು ತಿಂಗಳಿಗೆ ಕೊಡುತ್ತೇವೆ ಅಂದರೆ ಯಾವ ಮಾಲೀಕ ಬಾಡಿಗೆಗೆ ಕೊಡುತ್ತಾನೆ ಹೇಳಿ? ಹೊರಗಿನಿಂದ ಬಂದ ಹುಡುಗಿಯರು ಒಂದು ಮಳೆಗಾಲ ನೋಡಿ ಗಂಟು ಕಟ್ಟುತ್ತಾರೆ.

ಮಂಜಿನೂರಿನವ

ಹೋಂಸ್ಟೇ ಮಾಡಿದವರ ಮೇಲೆ ಯಾಕೆ ಕೋಪ ಅಕ್ಕ? ಕಾಫಿ ರೇಟ್ ಬಿದ್ದಾಗ ನಾವು ಉಸಿರಾಡಿದ್ದೇ ಅದರಿಂದ.

ಲ್ಯಾಬ್_ಅಕ್ಕ

ಕೋಪ ಇಲ್ಲ ಮಾರಾಯ್ರೇ. ಸಿಬ್ಬಂದಿಗೆ ವಸತಿಗೃಹ ಕಟ್ಟಿಸಿ ಅಂತ ಹೇಳುತ್ತಿರುವುದು. ಡಾಕ್ಟರಿಗೆ ಕ್ವಾರ್ಟರ್ಸ್ ಇರುತ್ತದೆ, ನರ್ಸ್‌ಗೂ ಕೆಲವು ಕಡೆ ಇರುತ್ತದೆ. ನಮ್ಮ ಹೆಸರು ಆ ಪಟ್ಟಿಯಲ್ಲಿ ಕೊನೆಗೆ.

ಶನಿವಾರಸಂತೆ_ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಬೇರೆ ಕಡೆಯಿಂದ ನೋಡೋಣ. ವಿಜ್ಞಾನ ಓದುವ ಮಕ್ಕಳನ್ನು "ಮುಂದೆ ಏನು" ಅಂತ ಕೇಳಿದರೆ ಎಂಬಿಬಿಎಸ್, ಇಂಜಿನಿಯರಿಂಗ್, ನರ್ಸಿಂಗ್, ಕೃಷಿ ಬಿಎಸ್ಸಿ, ಇಷ್ಟೇ. ನಮ್ಮ ಕಡೆ ಸೈನ್ಯಕ್ಕೆ ಸೇರುವ ಆಸೆ ಇದ್ದೇ ಇದೆ. ಫಿಜಿಯೋಥೆರಪಿಗೆ ಅಂತಲೇ ಪದವಿ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಲ್ಯಾಬ್, ಇಮೇಜಿಂಗ್, ಡಯಾಲಿಸಿಸ್, ಆಪರೇಷನ್ ಥಿಯೇಟರ್ ತಂತ್ರಜ್ಞಾನ ಅಂತ ಬಿಎಸ್ಸಿಗಳಿವೆ, ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳಿವೆ ಅಂತ ಹೇಳುವವರು ಯಾರೂ ಇಲ್ಲ. ನೀಟ್‌ನಲ್ಲಿ ರ‍್ಯಾಂಕ್ ಬರದಿದ್ದರೆ ಜೀವನವೇ ಮುಗಿಯಿತು ಅಂತ ಕೂತಿರುತ್ತಾರೆ.

ಓದಿದ ಮಕ್ಕಳಾದರೂ ವಾಪಸ್ ಬರುತ್ತಾರಾ? ಡಾಕ್ಟರ್‌ಗಳಿಗೆ ಗ್ರಾಮೀಣ ಸೇವೆ ಅಂತ 2012ರ ರಾಜ್ಯದ ಕಾಯ್ದೆ ಇದೆ. ಅದು ಸರಿಯೋ ತಪ್ಪೋ ಬೇರೆ ಮಾತು, ಹಳ್ಳಿಗೆ ಡಾಕ್ಟರ್ ಬೇಕು ಅಂತ ಸರ್ಕಾರಕ್ಕೆ ಅನಿಸಿದೆ ಅಂತಾದರೂ ಅದರಿಂದ ಗೊತ್ತಾಗುತ್ತದೆ. ಫಿಜಿಯೋ, ಟೆಕ್ನಿಷಿಯನ್‌ಗಳ ಬಗ್ಗೆ ಅಂಥ ಯೋಚನೆಯೇ ಕಾಣುವುದಿಲ್ಲ.

ಬೆಂಗಳೂರು_ಪಾಲಾದವಳು

ಮೇಷ್ಟ್ರೇ, ವಾಪಸ್ ಬರದವರಲ್ಲಿ ನಾನೂ ಒಬ್ಬಳು. ಸೋಮವಾರಪೇಟೆ ಕಡೆಯವಳು, ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಜಿಯೋ. ಬೈಯುವ ಮೊದಲು ಕೇಳಿಸಿಕೊಳ್ಳಿ.

ಓದು ಮುಗಿಸಿ ಊರಿಗೆ ಬಂದು ಕೆಲಸ ಹುಡುಕಿದ್ದೆ. ಸಿಕ್ಕಿದ್ದು ಗುತ್ತಿಗೆ ಕೆಲಸ. ಇಲಾಖೆಯಲ್ಲಿ ನನ್ನಂಥವಳು ನಾನೊಬ್ಬಳೇ. ಒಂದು ಕಷ್ಟದ ಕೇಸು ಬಂದರೆ ಕೇಳಲು ಸೀನಿಯರ್ ಇಲ್ಲ. ಕಲಿಯುವ ವಯಸ್ಸಿನಲ್ಲಿ ಒಂಟಿಯಾಗಿ ಕೂತರೆ ಕೈ ಕೆಡುತ್ತದೆ. ಕೊಟ್ಟ ಕೋಣೆಯಲ್ಲಿ ಒಂದು ಮಂಚ, ಹಳೇ ಕಾಲದ ಒಂದು ಶಾಖದ ಯಂತ್ರ. ಡಾಕ್ಟರ್‌ಗಳು ಚೀಟಿಯಲ್ಲಿ "ಫಿಜಿಯೋ" ಅಂತ ಒಂದೇ ಪದ ಬರೆದು ಕಳಿಸುತ್ತಿದ್ದರು. ಮನೆಯವರು "ಡಾಕ್ಟರಾ ನರ್ಸಾ, ಏನು ನೀನು?" ಅಂತ ಕೇಳುತ್ತಿದ್ದರು. ವಿದ್ಯಾಸಾಲದ ಕಂತು ಬೇರೆ. ನನ್ನ ಬ್ಯಾಚಿನವರು ಅರ್ಧಕ್ಕರ್ಧ ಗಲ್ಫ್, ಐರ್ಲೆಂಡ್, ಇಂಗ್ಲೆಂಡ್ ಅಂತ ಹೋಗಿದ್ದಾರೆ. ನಾನು ಬೆಂಗಳೂರಲ್ಲಿ ನಿಂತಿದ್ದೇ ಹೆಚ್ಚು.

ಊರಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಪ್ರೀತಿಗೆ ಬಡ್ತಿ ಇಲ್ಲವಲ್ಲ!

ಕಾನೂನಿನ ವಿಷಯ ಒಂದು ಮಾತು. ನಮ್ಮ ವೃತ್ತಿಗಳಿಗೆ ಅಂತ 2021ರಲ್ಲಿ ಕೇಂದ್ರ ಒಂದು ಕಾಯ್ದೆ ಮಾಡಿತು, ರಾಷ್ಟ್ರೀಯ ಆಯೋಗ, ರಾಜ್ಯ ಪರಿಷತ್ತು, ನೋಂದಣಿ ಎಲ್ಲ ಅದರಲ್ಲಿದೆ. ರಾಜ್ಯಗಳು ಆರು ತಿಂಗಳಲ್ಲಿ ಪರಿಷತ್ತು ಮಾಡಬೇಕಿತ್ತು. ಎಳೆದರು ಎಳೆದರು, ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟು ಜಾರಿ ಮಾಡಿ ಅನ್ನಬೇಕಾಯಿತು. ಎಷ್ಟು ಫಿಜಿಯೋ ಇದ್ದಾರೆ, ಎಲ್ಲಿದ್ದಾರೆ ಅನ್ನುವ ರಿಜಿಸ್ಟರೇ ಇಲ್ಲದೆ ಯಾವ ಜಿಲ್ಲೆಯಲ್ಲಿ ಎಷ್ಟು ಕೊರತೆ ಅಂತ ಯಾರು ಲೆಕ್ಕ ಹಾಕುತ್ತಾರೆ? ತೋಟದವರ "ಎಷ್ಟು ಜನ ಇದ್ದಾರೆ" ಅನ್ನುವ ಪ್ರಶ್ನೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಪೊನ್ನಂಪೇಟೆ_ಅಮ್ಮ

ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ನಮಗೆ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. "ಗಂಡು ಮಕ್ಕಳು ಮಾತು ನಿಧಾನ, ಅವನ ಅಪ್ಪನೂ ಹಾಗೇ" ಅಂತ ಅತ್ತೆ ಹೇಳುತ್ತಿದ್ದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದಾಗ ಅಲ್ಲಿನವರು ಹೇಳಿದರು: ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಕ್ರಮ ಅಂತ.

ಮಗನಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೇಳಿಸುವ ಯಂತ್ರ ಕೂರಿಸುವುದು, ಆಯಿತು. ಎಲ್ಲರೂ "ಇನ್ನೇನು, ಸರಿಹೋಯಿತಲ್ಲ" ಅಂದರು. ಸರಿಹೋಗಿರಲಿಲ್ಲ. ಯಂತ್ರ ಶಬ್ದ ಕೊಡುತ್ತದೆ, ಶಬ್ದವನ್ನು ಮಾತು ಅಂತ ಗುರುತಿಸುವುದನ್ನು ಮಗು ಕಲಿಯಬೇಕು. ಅದಕ್ಕೆ ವರ್ಷಗಟ್ಟಲೆ ಥೆರಪಿ. ಬೆಳಗಿನ ಬಸ್ಸಿಗೆ ಹೊರಟು, ಅಲ್ಲಿ ಒಂದು ಗಂಟೆಗೂ ಕಮ್ಮಿ ಕೂತು, ವಾಪಸ್ ಬರುವಾಗ ಕತ್ತಲು. ಬಸ್ಸಿನಲ್ಲಿ ಮಗ ಮಲಗಿರುತ್ತಾನೆ, ಕಲಿತದ್ದು ನನ್ನ ತಲೆಯಲ್ಲಿ ಇರಬೇಕು. ಅಲ್ಲಿ ಅಮ್ಮಂದಿರನ್ನೂ ಕೂರಿಸಿ ಕಲಿಸುತ್ತಾರೆ, ಅದೊಂದು ಪುಣ್ಯ. ನಾನು ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಬಡಿದು, ಕುಕ್ಕರ್ ಸೀಟಿ ಬಂದಾಗ ನಿಲ್ಲಿಸಿ, "ಏನು ಕೇಳಿಸಿತು?" ಅಂತ ಕೇಳುತ್ತಾ ಕಲಿಸಿದೆ. ಈಗ ಶಾಲೆಗೆ ಹೋಗುತ್ತಾನೆ, ಪಟಪಟ ಮಾತಾಡುತ್ತಾನೆ. ಆದರೆ ನಮ್ಮ ಯಜಮಾನರ ಕೆಲಸ ಸಲೀಸಾಗಿತ್ತು, ಅತ್ತೆ ಮನೆ ನೋಡಿಕೊಂಡರು, ಹಾಗಾಗಿ ಆಯಿತು. ಹಾಡಿಯ (ಆದಿವಾಸಿಗಳ ಕೇರಿಯ) ಒಬ್ಬ ತಾಯಿಗೆ, ದಿನಗೂಲಿ ಬಿಟ್ಟು ಮೈಸೂರಿಗೆ ಹೋಗಿ ಬಾ ಅಂದರೆ?

ಇನ್ನೊಂದು. ನಾವು ಮನೆಯಲ್ಲಿ ಕೊಡವ ತಕ್ಕ್ ಆಡುತ್ತೇವೆ. ಪಕ್ಕದ ಮನೆಯವರು ಮಲಯಾಳಂ. ಹಾಡಿಯಲ್ಲಿ ಎರವ ಭಾಷೆ, ಜೇನುಕುರುಬರ ಭಾಷೆ. ಶಾಲೆಯಲ್ಲಿ ಕನ್ನಡ. ಹೊರಗಿನಿಂದ ಬಂದ ಥೆರಪಿಸ್ಟ್ ಮಗುವಿಗೆ ಯಾವ ಭಾಷೆಯಲ್ಲಿ ಮಾತು ಕಲಿಸಬೇಕು? ಊರಿನವರೇ ಈ ಓದು ಓದಿ ಬಂದರೆ ಮಾತ್ರ ಇದು ಬಗೆಹರಿಯುವುದು ಅಂತ ನನಗೆ ಅನಿಸುತ್ತದೆ.

ಗೋಣಿಕೊಪ್ಪ_ಫಿಜಿಯೋ

ಅಮ್ಮಾ, ನೀವು ಬರೆದದ್ದನ್ನು ಆರೋಗ್ಯ ಇಲಾಖೆಯ ಪ್ರತಿ ಮೀಟಿಂಗ್‌ನಲ್ಲಿ ಓದಿಸಬೇಕು.

ಒಂದು ವಿಷಯ ಸೇರಿಸುತ್ತೇನೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅಂಗನವಾಡಿ, ಶಾಲೆಗಳಿಗೆ ತಂಡ ಹೋಗಿ ಮಕ್ಕಳನ್ನು ತಪಾಸಣೆ ಮಾಡಿ, ಬೆಳವಣಿಗೆ ಕುಂಠಿತವಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆ ಕೇಂದ್ರದಲ್ಲಿ ಮಕ್ಕಳ ಡಾಕ್ಟರ್ ಜೊತೆ ಫಿಜಿಯೋ, ವಾಕ್ ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಎಲ್ಲ ಇರಬೇಕು ಅಂತ ಯೋಜನೆಯೇ ಹೇಳುತ್ತದೆ. ಅಂದರೆ ಏನು ಬೇಕು ಅಂತ ಗೊತ್ತಿಲ್ಲದೆ ಇಲ್ಲ. ಹುದ್ದೆ ಗುತ್ತಿಗೆಯದ್ದು, ಬಂದವರು ಬೇರೆ ಕಡೆ ಕಾಯಂ ಆದ ಕೂಡಲೇ ಹೋಗುತ್ತಾರೆ. ಒಬ್ಬರು ಹೋದರೆ ಮುಂದಿನ ನೇಮಕಾತಿವರೆಗೆ ಆ ಕೋಣೆಗೆ ಬೀಗ. ಹುದ್ದೆ ತುಂಬುವುದು ಒಂದು ದಿನದ ಸಮಸ್ಯೆ, ಉಳಿಸಿಕೊಳ್ಳುವುದು ಹತ್ತು ವರ್ಷದ್ದು. ನಮ್ಮಲ್ಲಿ ಎಲ್ಲರೂ ಮೊದಲನೆಯದರ ಬಗ್ಗೆಯೇ ಮಾತಾಡುತ್ತಾರೆ.

ಬೆಂಡಿಗೋ_ವಿರಾಜಪೇಟೆ

ನಮಸ್ಕಾರ. ನಾನು ವಿರಾಜಪೇಟೆಯವಳು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕಾಯಿಲೆ, ಪೆಟ್ಟು ಆದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಅಭ್ಯಾಸ ಮಾಡಿಸುವವಳು. ಮೆಲ್ಬರ್ನ್‌ನಿಂದ ಸುಮಾರು 150 ಕಿಲೋಮೀಟರ್ ಒಳಗಿನ ಊರು. "ಫಾರಿನ್‌ನಲ್ಲಿ ಎಲ್ಲ ಸರಿ ಇದೆ" ಅಂತ ಹೇಳಲು ಬಂದಿಲ್ಲ. ಇಲ್ಲೂ ಇದೇ ಗೋಳು. ಮೆಲ್ಬರ್ನ್, ಸಿಡ್ನಿ ಬಿಟ್ಟು ಒಳಗೆ ಹೋದಷ್ಟೂ ಫಿಜಿಯೋ, ಸ್ಪೀಚ್, ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಸಿಗುವುದು ಕಷ್ಟ. ಕಾಯುವ ಪಟ್ಟಿ ತಿಂಗಳುಗಟ್ಟಲೆ.

ಒಂದು ವಿಷಯ ಮಾತ್ರ ಬೇರೆ. ಇಲ್ಲಿ ಯಾವ ಊರು ಎಷ್ಟು ದೂರ ಅಂತ ಸರ್ಕಾರದ ಒಂದು ಅಳತೆಗೋಲಿದೆ, 1ರಿಂದ 7ರವರೆಗೆ. 1 ಅಂದರೆ ಮಹಾನಗರ, 7 ಅಂದರೆ ತೀರಾ ಒಂಟಿ ಜಾಗ. ಹಳ್ಳಿಗಾಡಿಗೆ ಹೋದರೆ ಸಿಗುವ ಸವಲತ್ತುಗಳನ್ನು ಇದರ ಮೇಲೆ ಲೆಕ್ಕ ಹಾಕುತ್ತಾರೆ. ಆದರೆ ಅಲ್ಲೂ ಮೊದಲು ನೆನಪಾಗುವುದು ಡಾಕ್ಟರ್. ಒಳನಾಡಿನಲ್ಲಿ ಕೆಲಸ ಮಾಡಿದರೆ ವಿದ್ಯಾಸಾಲ ತಗ್ಗಿಸುವ ಯೋಜನೆ ಡಾಕ್ಟರ್ ಮತ್ತು ನರ್ಸ್ ಪ್ರಾಕ್ಟಿಷನರ್‌ಗಳಿಗಾಗಿ (ಹೆಚ್ಚು ಓದಿ, ಔಷಧಿ ಬರೆಯುವ ಅಧಿಕಾರ ಇರುವ ನರ್ಸ್‌ಗಳು) ಬಂತು. 2025ರ ಜುಲೈಯಿಂದ ಪ್ರಾಯೋಗಿಕ ತರಬೇತಿಯಲ್ಲಿರುವ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಭತ್ಯೆ ಶುರು ಮಾಡಿತು, ಅದು ಶಿಕ್ಷಕ, ನರ್ಸಿಂಗ್, ಸೂಲಗಿತ್ತಿ, ಸಮಾಜಕಾರ್ಯ ಓದುವವರಿಗೆ. ಫಿಜಿಯೋ ವಿದ್ಯಾರ್ಥಿಗಳು ಹೊರಗೇ ಉಳಿದರು. ಬೆಂಗಳೂರು ಪಾಲಾದ ತಂಗೀ, ನಿನ್ನ ಸಂಕಟ ಇಲ್ಲಿನವರಿಗೂ ಗೊತ್ತು.

ಫಲ ಕೊಟ್ಟಿದ್ದು ಯಾವುದು ಅಂತ ಕೇಳಿದರೆ, ಕಾಲೇಜನ್ನೇ ಒಳನಾಡಿಗೆ ತಂದದ್ದು. ಬೆಂಡಿಗೋದಲ್ಲಿ ಲಾ ಟ್ರೋಬ್ ವಿಶ್ವವಿದ್ಯಾಲಯ, ಆಲ್ಬರಿಯಲ್ಲಿ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ ಈ ಕೋರ್ಸುಗಳನ್ನು ಅಲ್ಲೇ ನಡೆಸುತ್ತವೆ. ಹಳ್ಳಿಯಲ್ಲಿ ಬೆಳೆದು ಹಳ್ಳಿ ಹತ್ತಿರ ಓದಿದವರು ಹಳ್ಳಿಯಲ್ಲಿ ನಿಲ್ಲುವುದು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ: ಗ್ರಾಮೀಣ ಹಿನ್ನೆಲೆಯ ಮಕ್ಕಳಿಗೆ ಸೀಟು ಕೊಡಿ, ಕಾಲೇಜು ಹತ್ತಿರ ತನ್ನಿ, ಓದುವಾಗಲೇ ಹಳ್ಳಿಗೆ ಕಳಿಸಿ.

ಇನ್ನೊಂದು, ಸಹಾಯಕರು. ಇಲ್ಲಿ ಥೆರಪಿಸ್ಟ್ ಕೆಳಗೆ ತರಬೇತಾದ ಸಹಾಯಕರಿರುತ್ತಾರೆ. ಚಿಕಿತ್ಸೆ ಏನು ಅಂತ ತೀರ್ಮಾನ ನಮ್ಮದು, ದಿನಾ ಅಭ್ಯಾಸ ಮಾಡಿಸುವುದು ಅವರದ್ದು.

ಮಂಜಿನೂರಿನವ

ಹಾಗಾದರೆ ನಮ್ಮಲ್ಲೂ ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಟ್ಟರೆ ಆಯಿತಲ್ಲ? ಫಿಜಿಯೋನೇ ಬೇಕು ಅಂತ ಯಾಕೆ ಕಾಯಬೇಕು?

ಲ್ಯಾಬ್_ಅಕ್ಕ

ಎಲ್ಲದಕ್ಕೂ ಆಶಾ! ಅವರಿಗೆ ಸಂಬಳ ಅಲ್ಲ, ಗೌರವಧನ. ಈಗಿರುವ ರಿಜಿಸ್ಟರ್‌ಗಳನ್ನು ಬರೆದು ಮುಗಿಸಲೇ ಅವರಿಗೆ ಹೊತ್ತಿಲ್ಲ.

ಗೋಣಿಕೊಪ್ಪ_ಫಿಜಿಯೋ

ನನಗೂ ಅದೇ ಭಯ. ಸಹಾಯಕರು ಬೇಡ ಅನ್ನುವುದಿಲ್ಲ, ಬೇಕು. ಆದರೆ ಮೇಲೆ ನೋಡಿ ಹೇಳುವವರು ಒಬ್ಬರಿರಬೇಕು. ಇಲ್ಲದಿದ್ದರೆ ಎರಡು ವಾರದ ತರಬೇತಿ ಮುಗಿಸಿದವರು ಬೋರ್ಡ್ ಹಾಕಿಕೊಂಡು ಕೂರುತ್ತಾರೆ. ಅಂಥ ಬೋರ್ಡ್‌ಗಳು ಈಗಲೇ ಸಾಕಷ್ಟಿವೆ.

ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ರೈಟರ್, ಅಂದರೆ ಕೆಲಸ ನೋಡಿಕೊಂಡು ಲೆಕ್ಕ ಬರೆಯುವವರು, ಒಳ್ಳೆಯವರು. ಕಾಫಿ ಕಣದ ಅಂಚಿನಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಎರಡು ಬಿದಿರನ್ನು ಸೊಂಟದ ಎತ್ತರಕ್ಕೆ ಸಮವಾಗಿ ಕಟ್ಟಿಸಿದೆವು. ದೊಡ್ಡ ಆಸ್ಪತ್ರೆಯಲ್ಲಿ ನಡೆಯಲು ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಇರುತ್ತದಲ್ಲ, ಅದೇ ಕೆಲಸ ಮಾಡುತ್ತದೆ. ಕಣದ ಸಿಮೆಂಟ್ ನೆಲ ಸಮತಟ್ಟು, ಊರಲ್ಲಿ ಸಮತಟ್ಟು ಜಾಗ ಸಿಗುವುದೇ ಅದೊಂದು. ಬಿದ್ದು ಎದ್ದ ಒಬ್ಬ ಕೆಲಸಗಾರನ ಹೆಂಡತಿಗೆ ಅಭ್ಯಾಸಗಳನ್ನು ಹೇಳಿಕೊಟ್ಟೆ. ಈಗ ಅವರು ಲೈನ್‌ನಲ್ಲಿ ಬೇರೆಯವರಿಗೂ ಮಾಡಿಸುತ್ತಾರೆ. ಅನುಮಾನ ಬಂದರೆ ವಾಟ್ಸಾಪ್ ವೀಡಿಯೋ ಮಾಡಿ ಕಳಿಸುತ್ತಾರೆ. ಕಾಲು ಊತ ಬಂದರೆ, ಜ್ವರ ಬಂದರೆ ನಿಲ್ಲಿಸಿ ಫೋನ್ ಮಾಡಬೇಕು ಅಂತ ನಿಯಮ. ಕಾಫಿ ಕೊಯ್ಲಿನ ಕಾಲದಲ್ಲಿ ಮಾತ್ರ ಬಿದಿರು ಬಿಚ್ಚಬೇಕು, ಕಾಫಿ ಒಣಗಿಸಲು ಕಣ ಬೇಕಲ್ಲ.

ಇದು ವ್ಯವಸ್ಥೆ ಅಲ್ಲ, ಒಬ್ಬ ರೈಟರ್ ಒಳ್ಳೆಯವರಾಗಿದ್ದರಿಂದ ಆದದ್ದು.

ಶನಿವಾರಸಂತೆ_ಮೇಷ್ಟ್ರು

ಸಂತೆ ದಿನ ಕ್ಲಿನಿಕ್ ಇಟ್ಟರೆ ಹೇಗೆ? ತೋಟದ ಜನ ಹೇಗೂ ಪೇಟೆಗೆ ಬರುವುದು ಅವತ್ತೇ. ಮಡಿಕೇರಿಗೆ ಶುಕ್ರವಾರ, ಕುಶಾಲನಗರಕ್ಕೆ ಮಂಗಳವಾರ, ವಿರಾಜಪೇಟೆಗೆ ಬುಧವಾರ. ಒಬ್ಬ ಫಿಜಿಯೋ, ಒಬ್ಬ ವಾಕ್ ಚಿಕಿತ್ಸಕಿ ಒಂದು ಜೀಪಿನಲ್ಲಿ ಸುತ್ತಿದರೆ ಐದೂ ತಾಲೂಕು ಮುಟ್ಟುತ್ತದೆ. ಐದು ಕಡೆ ಐದು ಖಾಲಿ ಹುದ್ದೆ ಇಡುವುದಕ್ಕಿಂತ ಎರಡು ತುಂಬಿದ ಹುದ್ದೆ ಮೇಲಲ್ವಾ?

ಲ್ಯಾಬ್_ಅಕ್ಕ

ಐಡಿಯಾ ಚೆನ್ನಾಗಿದೆ ಮೇಷ್ಟ್ರೇ. ಗೋಣಿಕೊಪ್ಪ ಸಂತೆ ಭಾನುವಾರ. ಸರ್ಕಾರಿ ಹೊರರೋಗಿ ವಿಭಾಗಕ್ಕೆ ಅವತ್ತು ರಜೆ. ಜನ ಬರುವ ದಿನ ಬಾಗಿಲು ಮುಚ್ಚಿ, ಜನ ತೋಟದಲ್ಲಿರುವ ದಿನ ತೆರೆದು ಕೂರುತ್ತೇವೆ.

ಬೆಂಗಳೂರು_ಪಾಲಾದವಳು

ಜೀಪಿನಲ್ಲಿ ಸುತ್ತುವ ಕೆಲಸ ಅಂದರೆ ನಾನು ಯೋಚನೆ ಮಾಡುತ್ತೇನೆ, ನಿಜ ಹೇಳುತ್ತೇನೆ. ಒಂಟಿಯಾಗಿ ಒಂದು ಕೋಣೆಯಲ್ಲಿ ಕೂರುವುದಕ್ಕಿಂತ ತಂಡದಲ್ಲಿ ಸುತ್ತುವುದು ಮೇಲು. ಷರತ್ತು ಮೂರು. ಮೂರು ವರ್ಷದ ಒಪ್ಪಂದವಾದರೂ ಇರಬೇಕು. ಮೈಸೂರಲ್ಲೋ ಮಂಗಳೂರಲ್ಲೋ ಫೋನ್ ಮಾಡಿ ಕೇಳಲು ಒಬ್ಬ ಸೀನಿಯರ್ ಗೊತ್ತು ಮಾಡಿಕೊಡಬೇಕು. ಮತ್ತೆ ಮನೆ.

ನಾಪೋಕ್ಲು_ಹುಡುಗ

ಮಳೆಗಾಲದಲ್ಲಿ ಜೀಪ್ ಎಲ್ಲಿಗೆ ಹೋಗುತ್ತದೆ ಸರ್? 2018ರಲ್ಲಿ ಮಡಿಕೇರಿಯ ರಸ್ತೆಗಳೇ ಕುಸಿದವು. ಭಾಗಮಂಡಲದಲ್ಲಿ ನೀರು ಬಂದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ನಮ್ಮ ಪಕ್ಕದ ಊರಿನವರೊಬ್ಬರಿಗೆ ವಾರಕ್ಕೆ ಮೂರು ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ರಸ್ತೆ ಬಂದ್ ಆಗಿ ಒಂದು ತಪ್ಪಿದರೆ ಮುಖ ಊದಿಕೊಳ್ಳುತ್ತದೆ. ರಸ್ತೆ ಸರಿ ಇದ್ದ ದಿನ ಟೆಕ್ನಿಷಿಯನ್ ರಜೆ ಅಂತ ವಾಪಸ್ ಕಳಿಸಿದ್ದೂ ಇದೆ.

ಬೆಂಡಿಗೋ_ವಿರಾಜಪೇಟೆ

ಥೆರಪಿಯಲ್ಲಿ ಎಷ್ಟೋ ಭಾಗವನ್ನು ವೀಡಿಯೋದಲ್ಲಿ ಮಾಡಬಹುದು, ಪೊನ್ನಂಪೇಟೆ ಅಮ್ಮನಂಥವರಿಗೆ ಬಸ್ಸು ತಪ್ಪುತ್ತದೆ. ಡಯಾಲಿಸಿಸ್ ವೀಡಿಯೋದಲ್ಲಿ ಆಗುವುದಿಲ್ಲ. ಅದಕ್ಕೆ ಯಂತ್ರದ ಪಕ್ಕ ಮನುಷ್ಯರೇ ಬೇಕು. ಪ್ರತಿ ಕೇಂದ್ರಕ್ಕೆ ರಜೆಗೆ ಬದಲಿಯಾಗಿ ಒಬ್ಬ ಟೆಕ್ನಿಷಿಯನ್ ಮೊದಲೇ ಗೊತ್ತು ಮಾಡಿಡಬೇಕು.

ಪೊನ್ನಂಪೇಟೆ_ಅಮ್ಮ

ವೀಡಿಯೋ ನಮ್ಮಲ್ಲೂ ಮಾಡಿದೆವು. ನೆಟ್‌ವರ್ಕ್‌ಗೆ ಗೇಟಿನ ಹತ್ತಿರ ಹೋಗಿ ನಿಲ್ಲಬೇಕಿತ್ತು, ಅಷ್ಟೇ ಕಷ್ಟ. ಮಗನಿಗೆ ಅಲ್ಲಿ ನಾಯಿ ನೋಡುವುದೇ ಆಟ.

ಸುಂಟಿಕೊಪ್ಪ_ತೋಟದವ

ಎಲ್ಲರಿಗೂ ವಂದನೆ. ನಾನು ತೋಟದ ಮಾಲೀಕ, ನಮ್ಮ ಕಡೆಯಿಂದ ಒಂದು ಮಾತು ಹೇಳಲೇಬೇಕು. ಏಣಿಯಿಂದ ಬಿದ್ದವನ ಆಪರೇಷನ್ ಖರ್ಚನ್ನು ಒಳ್ಳೆಯ ಮಾಲೀಕರು ಕೊಡುತ್ತಾರೆ. ಆಮೇಲಿನ ಮೂರು ತಿಂಗಳ ಫಿಜಿಯೋ ಖರ್ಚು ಯಾರೂ ಕೊಡುವುದಿಲ್ಲ, ಯಾಕೆಂದರೆ ಯಾರೂ ಕೇಳುವುದಿಲ್ಲ. ಕೆಲಸಕ್ಕೆ ಜನ ಸಿಗುತ್ತಿಲ್ಲ ಅಂತ ಅಳುವ ನಾವು, ಅನುಭವ ಇರುವ ಕೆಲಸಗಾರನನ್ನು ಮಂಡಿ ಬಗ್ಗದೆ ಮನೆಯಲ್ಲಿ ಕೂರಿಸುತ್ತೇವೆ. ಬೆಳೆಗಾರರ ಸಂಘಗಳಲ್ಲಿ ಇದನ್ನು ಎತ್ತುತ್ತೇನೆ. ನಾಲ್ಕು ತೋಟ ಸೇರಿ ಒಬ್ಬ ಫಿಜಿಯೋಗೆ ವಾರಕ್ಕೆ ಒಂದು ದಿನದ ಫೀಸು ಕೊಟ್ಟರೆ ಯಾರೂ ಬಡವರಾಗುವುದಿಲ್ಲ.

ಸರ್ಕಾರದ ಕಡೆಗೆ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು ಅಂತಿದ್ದೇನೆ. ಜಿಲ್ಲೆಯಲ್ಲಿ ಈ ಹುದ್ದೆಗಳು ಎಷ್ಟು ಮಂಜೂರು, ಎಷ್ಟು ಭರ್ತಿ ಅಂತ ಕೇಳುತ್ತೇನೆ. ಬರೆದುಕೊಡಲು ಯಾರಾದರೂ ಇದ್ದೀರಾ?

ಲ್ಯಾಬ್_ಅಕ್ಕ

ನಾನು ಹೇಳುತ್ತೇನೆ, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು.

"ಮಂಜೂರು, ಭರ್ತಿ" ಅಂತ ಅಷ್ಟೇ ಕೇಳಬೇಡಿ. ನಾನು ಮೇಲೆ ಹೇಳಿದ ಹಾಗೆ ಒಬ್ಬರನ್ನೇ ಎರಡು ಕಡೆ ತೋರಿಸಿ ಉತ್ತರ ಕೊಟ್ಟುಬಿಡುತ್ತಾರೆ. ಹೀಗೆ ಕೇಳಿ: ಪ್ರತಿ ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಕಾಯಮೋ ಗುತ್ತಿಗೆಯೋ ಹೊರಗುತ್ತಿಗೆಯೋ; ಈಗ ಇರುವವರು ಬೇರೆ ಯಾವ ಕೇಂದ್ರಕ್ಕೆ ನಿಯೋಜನೆ ಮೇಲೆ ಹೋಗುತ್ತಾರೆ, ವಾರದ ಯಾವ ದಿನ; ಕಳೆದ ಐದು ವರ್ಷದಲ್ಲಿ ಎಷ್ಟು ಜನ ಬಿಟ್ಟು ಹೋದರು, ಪ್ರತಿ ಸಲ ಹುದ್ದೆ ಎಷ್ಟು ದಿನ ಖಾಲಿ ಇತ್ತು. ಕೊನೆಯ ಸಾಲೇ ಮುಖ್ಯ.

ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಆದ್ದರಿಂದ ಲ್ಯಾಬ್‌ಗೆ ಒಂದು, ಫಿಜಿಯೋಗೆ ಒಂದು, ವಾಕ್ ಚಿಕಿತ್ಸೆಗೆ ಒಂದು, ಡಯಾಲಿಸಿಸ್‌ಗೆ ಒಂದು ಬೇರೆ ಬೇರೆ ಹಾಕಿ. ಫೀಸು ಹತ್ತು ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಒಬ್ಬರೇ ನಾಲ್ಕೂ ಹಾಕಬೇಡಿ ತೋಟದವರೇ, ಹಂಚಿಕೊಳ್ಳಿ.

ಶನಿವಾರಸಂತೆ_ಮೇಷ್ಟ್ರು

ಡಯಾಲಿಸಿಸ್ ಅರ್ಜಿ ನನಗಿರಲಿ.

ಪೊನ್ನಂಪೇಟೆ_ಅಮ್ಮ

ವಾಕ್ ಚಿಕಿತ್ಸೆಯದ್ದು ನಾನು ಹಾಕುತ್ತೇನೆ. ಹಾಡಿಯ ಅಂಗನವಾಡಿಗಳಲ್ಲಿ ಎಷ್ಟು ಮಕ್ಕಳ ಕಿವಿ ತಪಾಸಣೆ ಆಗಿದೆ ಅಂತಲೂ ಅದರಲ್ಲೇ ಕೇಳಬಹುದಾ, ಅಥವಾ ಅದು ಬೇರೆ ವಿಷಯ ಆಗುತ್ತದಾ?

ಲ್ಯಾಬ್_ಅಕ್ಕ

ಬೇರೆ ಆಗುತ್ತದೆ ಅಮ್ಮ. ಅದಕ್ಕೆ ಇನ್ನೊಂದು ಹತ್ತು ರೂಪಾಯಿ.